ಮೆಣಸಿನಪುಡಿಗೆ ಹದಿನೈದು ತಲೆಬರಹ

ಆನ್‌ಲೈನ್ ಜಾಹೀರಾತಿನವರನ್ನು ಮಾತಿಗೆಳೆದರೆ ಹೆಚ್ಚಿನವರು ಹೇಳುವುದು ಕ್ಯಾಂಪೇನ್ ಲೈವ್ ಆದ ಮೇಲಿನ ಕಥೆ. ಎಷ್ಟು ಕ್ಲಿಕ್ ಬಂತು, ಎಷ್ಟು ಆರ್ಡರ್ ಆಯಿತು, ಒಂದೊಂದು ಆರ್ಡರಿಗೆ ಎಷ್ಟು ಖರ್ಚು ಬಿತ್ತು. ಆದರೆ ಈ ಕಸುಬಿನ ರುಚಿ ನಿಜವಾಗಿ ಹತ್ತಿದವರಿಗೆ ಅದರ ಹಿಂದಿನ ವಾರವೇ ಹೆಚ್ಚು ಪ್ರಿಯ. ಆಗಿನ್ನೂ ಒಂದು ರೂಪಾಯಿಯೂ ಖರ್ಚಾಗಿರುವುದಿಲ್ಲ. ಎದುರಿಗಿರುವುದು ಬರೀ ಪದಗಳು, ಆ ಪದಗಳ ಹಿಂದೆ ಮುಖ ಕಾಣದ ಸಾವಿರಾರು ಜನರು.

ಬ್ಯಾಡಗಿ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳೋಣ. ಕಡುಗೆಂಪು ಬಣ್ಣ, ಮೈತುಂಬ ಸುಕ್ಕು, ಕಡಿಮೆ ಖಾರ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬೆಳೆ. ಅದನ್ನು ಪುಡಿ ಮಾಡಿ ಬೆಂಗಳೂರಿನ ಮನೆಗಳಿಗೆ ತಲುಪಿಸುವ ಸಣ್ಣ ಉದ್ಯಮವೊಂದು ಗೂಗಲ್ ಹುಡುಕಾಟದಲ್ಲಿ ಜಾಹೀರಾತು ಕೊಡಲು ಹೊರಟಿದೆ ಎಂದುಕೊಳ್ಳಿ. ಕಸುಬು ಬಲ್ಲವರು ಕೂತ ಕೂಡಲೇ ಬರೆಯುವುದಿಲ್ಲ. ಜನ ಏನನ್ನು, ಯಾವ ಮಾತಿನಲ್ಲಿ ಹುಡುಕುತ್ತಾರೆ ಎಂದು ಮೊದಲು ಕಿವಿಗೊಡುತ್ತಾರೆ.

ಈ ಕಿವಿಗೊಡುವುದರಲ್ಲಿ ಎಷ್ಟು ಹೊತ್ತು ಕಳೆದರೂ ಬೇಸರ ಬರುವುದಿಲ್ಲ. ಗೂಗಲ್‌ನ ಕೀವರ್ಡ್ ಪ್ಲಾನರ್ ತೆರೆದರೆ ಒಂದೇ ಮೆಣಸಿನಕಾಯಿಗೆ ಹತ್ತಾರು ಹೆಸರು. ಬ್ಯಾಡಗಿ, ಬ್ಯಾಡ್ಗಿ, ಮರಾಠಿಯವರ ಬೇಡ್ಗಿ ಮಿರ್ಚಿ. ಕನ್ನಡವನ್ನೇ ರೋಮನ್ ಅಕ್ಷರಗಳಲ್ಲಿ ಬರೆಯುವವರ ಕಾಗುಣಿತವಂತೂ ಒಬ್ಬೊಬ್ಬರದು ಒಂದೊಂದು. ಒಬ್ಬರಿಗೆ ಸಾರಿನಪುಡಿಗೆ ಬೇಕು, ಇನ್ನೊಬ್ಬರಿಗೆ ಕೋಳಿ ಗಸಿಗೆ ಬೇಕು, ಮತ್ತೊಬ್ಬರಿಗೆ ಖಾರವಿಲ್ಲದೆ ಬಣ್ಣ ಕೊಡುವ ಪುಡಿ ಬೇಕು. ‘ಖಾರ ಕಡಿಮೆ ಇರುವ ಮೆಣಸಿನಪುಡಿ’ ಎಂದು ಹುಡುಕುವ ಮನೆಯಲ್ಲಿ ಬಹುಶಃ ಚಿಕ್ಕ ಮಕ್ಕಳಿದ್ದಾರೆ, ಇಲ್ಲವೇ ವಯಸ್ಸಾದವರಿದ್ದಾರೆ. ಪಟ್ಟಿಯ ಒಂದೊಂದು ಸಾಲಿನಲ್ಲೂ ಹೀಗೆ ಒಂದು ಅಡುಗೆಮನೆ ಕಾಣುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದ ಕೆಲಸ ಬೇಡದ ಪದಗಳನ್ನು ಹೆಕ್ಕುವುದು. ಕಸುಬಿನವರು ಇವನ್ನು ನೆಗೆಟಿವ್ ಕೀವರ್ಡ್ ಎನ್ನುತ್ತಾರೆ. ಬ್ಯಾಡಗಿಯ ಹೆಸರು ಹುಡುಕುವವರಲ್ಲಿ ರೈತರಿದ್ದಾರೆ, ದಲಾಲರಿದ್ದಾರೆ. ಅವರಿಗೆ ಬೇಕಾದದ್ದು ಎಪಿಎಂಸಿಯ ಇಂದಿನ ದರ. ಅವರು ಅಪ್ಪಿತಪ್ಪಿ ಜಾಹೀರಾತನ್ನು ಒತ್ತಿದರೆ ಉದ್ಯಮಿಯ ಹಣ ಹೋಗುತ್ತದೆ, ರೈತನ ಹೊತ್ತೂ ಹಾಳಾಗುತ್ತದೆ. ಆದ್ದರಿಂದ ದರ, ರೇಟು, ಎಪಿಎಂಸಿ, ಬೀಜ, ಸಸಿ, ರೋಗ ಇವೆಲ್ಲ ಬೇಡದ ಪಟ್ಟಿಗೆ ಸೇರಬೇಕು. ಹಾಗಾದರೆ ‘ಬೆಲೆ’? ಅದನ್ನು ಸೇರಿಸಬಾರದು. ಕಾಲು ಕೆಜಿ ಪುಡಿ ಕೊಳ್ಳುವ ಗೃಹಿಣಿಯೂ ಬೆಲೆ ಕೇಳಿಯೇ ಕೊಳ್ಳುತ್ತಾಳೆ. ಗೂಗಲ್‌ನ ಯಂತ್ರ ಸಮಾನಾರ್ಥಕಗಳನ್ನು ತಾನಾಗಿ ತಡೆಯುವುದಿಲ್ಲವಾದ್ದರಿಂದ ಒಂದೊಂದು ಪದವನ್ನೂ ಹೀಗೆ ಮನುಷ್ಯರೇ ಕೂತು ತೂಗಬೇಕು. ಇಡೀ ಸಿದ್ಧತೆಯಲ್ಲಿ ಅತ್ಯಂತ ಸೊಗಸಾದ ಘಟ್ಟ ಯಾವುದೆಂದರೆ ಇದೇ.

ಆಮೇಲೆ ಬರವಣಿಗೆ. 2000ದ ಅಕ್ಟೋಬರ್‌ನಲ್ಲಿ ಸುಮಾರು 350 ಜಾಹೀರಾತುದಾರರೊಂದಿಗೆ ಆಡ್‌ವರ್ಡ್ಸ್ ಎಂಬ ಹೆಸರಿನಲ್ಲಿ ಶುರುವಾದ ಗೂಗಲ್‌ನ ಈ ವ್ಯವಸ್ಥೆ ಈಗ ಒಂದು ಜಾಹೀರಾತಿಗೆ 15 ತಲೆಬರಹ, 4 ವಿವರಣೆಗಳವರೆಗೆ ಬರೆಯಲು ಬಿಡುತ್ತದೆ. ತಲೆಬರಹಕ್ಕೆ 30 ಅಕ್ಷರಗಳ ಮಿತಿ, ವಿವರಣೆಗೆ 90. ಯಾವುದರ ಪಕ್ಕ ಯಾವುದು ಬರಬೇಕೆಂದು ಯಂತ್ರವೇ ಆರಿಸುವುದರಿಂದ ಪ್ರತಿ ಸಾಲೂ ತನ್ನ ಕಾಲ ಮೇಲೆ ನಿಲ್ಲಬೇಕು, ಬೇರೆ ಯಾವ ಸಾಲಿನ ಜೊತೆಗೂ ಹೊಂದಿಕೊಳ್ಳಬೇಕು. ಕಂದಪದ್ಯದ ಮಾತ್ರೆ ಎಣಿಸಿ ಬರೆಯುವವರಿಗೆ ಸಿಗುವ ಸುಖ ಇಲ್ಲೂ ಇದೆ. ಕನ್ನಡದಲ್ಲಂತೂ ಲೆಕ್ಕ ಇನ್ನೂ ಬಿಗಿ. ಯಂತ್ರ ಕಾಗುಣಿತದ ಚಿಹ್ನೆಯನ್ನೂ ಒತ್ತಕ್ಷರವನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಕಣ್ಣಿಗೆ ಮೂರೇ ಅಕ್ಷರ ಕಾಣುವ ‘ಬ್ಯಾಡಗಿ’ ಅದರ ಲೆಕ್ಕದಲ್ಲಿ ಏಳು. ‘ಬ್ಯಾಡಗಿ ಮೆಣಸಿನಪುಡಿ’ ಎನ್ನುವಷ್ಟರಲ್ಲೇ 18 ಮುಗಿದು, ಹೇಳಬೇಕಾದ ಉಳಿದದ್ದಕ್ಕೆಲ್ಲ 12 ಉಳಿಯುತ್ತದೆ. ‘ಬಣ್ಣ ಕಡುಗೆಂಪು, ಖಾರ ಹದ’ ಎಂಬ ಸಾಲು 21ರಲ್ಲಿ ಕೂತಾಗ ಆಗುವ ಖುಷಿ ದೊಡ್ಡದು.

ಬಾಯಿಗೆ ಬಂದ ಹೊಗಳಿಕೆಯನ್ನೆಲ್ಲ ಬರೆಯುವ ಹಾಗೂ ಇಲ್ಲ. ಶುದ್ಧ, ತಾಜಾ, ನೈಸರ್ಗಿಕ ಎಂಬಂಥ ಪದಗಳನ್ನು ಆಹಾರದ ಜಾಹೀರಾತಿನಲ್ಲಿ ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳು ಹೇಳುತ್ತವೆ. ಇದು ಒಳ್ಳೆಯದೇ ಆಯಿತು. ಸವೆದ ಪದಗಳು ಹೊರಗುಳಿದರೆ ಬಣ್ಣ, ಘಮ, ಕುಟ್ಟಿದ ದಿನಾಂಕದಂಥ ನಿಜವಾದ ಸಂಗತಿಗಳಿಗೆ ಜಾಗ ಸಿಗುತ್ತದೆ.

ಒಂದೇ ಸಾಲನ್ನು ನೆಚ್ಚಿಕೊಳ್ಳದೆ ಹಲವನ್ನು ಯಾಕೆ ಸಿದ್ಧ ಮಾಡಬೇಕು ಎಂಬುದಕ್ಕೆ ಅಮೆರಿಕದ್ದೊಂದು ಪ್ರಸಂಗವಿದೆ. 2007ರ ಡಿಸೆಂಬರ್‌ನಲ್ಲಿ ಬರಾಕ್ ಒಬಾಮಾ ಅವರ ಚುನಾವಣಾ ಪ್ರಚಾರದ ತಂಡ ತನ್ನ ಸ್ವಾಗತ ಪುಟಕ್ಕೆ ನಾಲ್ಕು ಬಗೆಯ ಬಟನ್, ಆರು ಬಗೆಯ ಚಿತ್ರ ಮತ್ತು ವೀಡಿಯೊ ಸಿದ್ಧಪಡಿಸಿ, 24 ಜೋಡಣೆಗಳನ್ನೂ ಪರೀಕ್ಷಿಸಿತು. ವೀಡಿಯೊಗಳೇ ಗೆಲ್ಲುತ್ತವೆ ಎಂದು ತಂಡದವರು ನಂಬಿದ್ದರು. ಗೆದ್ದದ್ದು ಕುಟುಂಬದ ಒಂದು ಫೋಟೊ, ‘ಇನ್ನಷ್ಟು ತಿಳಿಯಿರಿ’ ಎಂಬ ಬಟನ್. ನೋಂದಣಿ ಪ್ರಮಾಣ ಶೇ. 8.26ರಿಂದ 11.6ಕ್ಕೆ ಏರಿತು ಎಂದು ಪ್ರಯೋಗ ನಡೆಸಿದ ಡ್ಯಾನ್ ಸಿರೋಕರ್ ಬರೆದಿದ್ದಾರೆ. ಆ ಫೋಟೊವನ್ನು ಯಾರೂ ಸಿದ್ಧ ಮಾಡಿ ಇಟ್ಟಿರದಿದ್ದರೆ ಪರೀಕ್ಷೆಗೆ ಸಿಗುತ್ತಲೇ ಇರಲಿಲ್ಲ.

ಇನ್ನು ಸೆಟ್ಟಿಂಗ್‌ಗಳು. ತಾನಾಗಿ ಟಿಕ್ ಆಗಿರುವ ಚೌಕಗಳನ್ನೆಲ್ಲ ಒಮ್ಮೆ ಓದಬೇಕು. ಸ್ಥಳ ಬೆಂಗಳೂರು ಎಂದು ಕೊಟ್ಟರೂ, ಬೆಂಗಳೂರಿನ ಬಗ್ಗೆ ಆಸಕ್ತಿ ತೋರಿದ ಹೊರಗಿನವರಿಗೂ ಜಾಹೀರಾತು ತೋರಿಸುವ ಆಯ್ಕೆಯನ್ನೇ ಗೂಗಲ್ ಮೊದಲು ಮುಂದಿಡುತ್ತದೆ. ಊರೊಳಗೆ ಮಾತ್ರ ಪೊಟ್ಟಣ ಕಳಿಸುವವರು ಅದನ್ನು ಬದಲಿಸಲೇಬೇಕು. ಬಜೆಟ್ಟಿನ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಬೇಕು. ದಿನಕ್ಕೆ ₹500 ಎಂದರೆ ಯಾವುದೋ ಒಂದು ದಿನ ₹1,000ದವರೆಗೂ ಹೋಗಬಹುದು, ಆದರೆ ತಿಂಗಳಿಗೆ 30.4 ಪಟ್ಟು, ಅಂದರೆ ₹15,200 ದಾಟುವುದಿಲ್ಲ. ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ ₹17,936.

ಯಾವ ಜಾಹೀರಾತಿನಿಂದ ಯಾವ ಆರ್ಡರ್ ಬಂತು ಎಂದು ತಿಳಿಯುವ ಏರ್ಪಾಡನ್ನೂ ಮುಂಚೆಯೇ ಮಾಡಿರಬೇಕು. ಇದು ಕಂಪ್ಯೂಟರ್ ಕಾಲದ ಯೋಚನೆಯೇನೂ ಅಲ್ಲ. 1923ರಲ್ಲಿ ಕ್ಲಾಡ್ ಹಾಪ್ಕಿನ್ಸ್ ಎಂಬ ಅಮೆರಿಕನ್ ಜಾಹೀರಾತು ಬರಹಗಾರ ‘ಸೈಂಟಿಫಿಕ್ ಅಡ್ವರ್ಟೈಸಿಂಗ್’ ಎಂಬ ಪುಸ್ತಕ ಬರೆದಾಗ, ಓದುಗರು ಕತ್ತರಿಸಿ ಕಳಿಸುವ ಕೂಪನ್‌ಗಳಿಗೆ ಗುರುತು ಹಾಕಿ ಇದೇ ಲೆಕ್ಕ ಹಿಡಿಯುವುದನ್ನು ವಿವರಿಸಿದ್ದ. ಇಂದು ಕೊಂಡಿಯ ಬಾಲಕ್ಕೆ ಸೇರಿಸುವ ಯುಟಿಎಂ ಎಂಬ ಗುರುತು ಆ ಕೂಪನ್ನಿನ ಮೊಮ್ಮಗು. ಮೂಲದಲ್ಲಿ ಅದು ಅರ್ಚಿನ್ ಎಂಬ ಕಂಪನಿಯದು. 2005ರಲ್ಲಿ ಗೂಗಲ್ ಆ ಕಂಪನಿಯನ್ನು ಕೊಂಡಿತು.

ಎಲ್ಲ ಮುಗಿದ ಮೇಲೆ ಕಡಿಮೆ ಬೆಲೆಯ ಮೊಬೈಲೊಂದರಲ್ಲಿ, ವೈಫೈ ಆರಿಸಿ, ಗಿರಾಕಿಯ ಹಾಗೆಯೇ ಒಂದು ಪೊಟ್ಟಣ ಆರ್ಡರ್ ಮಾಡಿ ನೋಡುವುದು ಒಳ್ಳೆಯ ಪದ್ಧತಿ. ಜಾಹೀರಾತಿನಲ್ಲಿ ಹೇಳಿದ ಬೆಲೆಯೇ ಪುಟದಲ್ಲಿದೆಯೇ? ಪಿನ್‌ಕೋಡ್ ಹಾಕಿದರೆ ಉತ್ತರ ಬರುತ್ತದೆಯೇ? ಹಣ ಕಟ್ಟಿದ ಮೇಲೆ ಬರುವ ಧನ್ಯವಾದದ ಪುಟ ಲೆಕ್ಕಕ್ಕೆ ಬಿತ್ತೇ? ಗೂಗಲ್ ಬಹುಪಾಲು ಜಾಹೀರಾತುಗಳನ್ನು ಒಂದು ಕೆಲಸದ ದಿನದೊಳಗೆ ಪರಿಶೀಲಿಸುತ್ತದೆ. ಹಬ್ಬದ ಹಿಂದಿನ ರಾತ್ರಿ ಏರಿಸಿದರೆ ಹಬ್ಬ ಕಳೆದೇ ಹೋಗಬಹುದು.

ಜಾಹೀರಾತು ಯಾರಿಗೆ ಕಾಣಬೇಕೆಂದು ಆರಿಸುವ ಗೂಗಲ್‌ನ ಭಾಷಾ ಪಟ್ಟಿಯಲ್ಲಿ ಕನ್ನಡವೂ ಇದೆ. ನಮ್ಮ ಊರುಗಳಲ್ಲಿ ಉಪ್ಪಿನಕಾಯಿ, ಸೀರೆ, ಗೊಂಬೆ, ಜೇನು ಮಾರುವವರು ಮುಂದಿನ ಕ್ಯಾಂಪೇನಿನ ತಲೆಬರಹಗಳನ್ನು ಇಂಗ್ಲಿಷಿನಲ್ಲಿ ಬರೆದು ಅನುವಾದಕ್ಕೆ ಕೊಡದೆ, ಅಂಗಡಿಯಲ್ಲಿ ಗಿರಾಕಿಯ ಜೊತೆ ಆಡುವ ಕನ್ನಡದಲ್ಲೇ ಮೊದಲು ಬರೆಯಲಿ.