ಉದ್ದನೆಯ ಪ್ಲಾಟ್‌ಫಾರ್ಮು

ಸಿದ್ಧಾರೂಢರ ಹೆಸರು ಹೊತ್ತ ನಮ್ಮ ಹುಬ್ಬಳ್ಳಿ ಸ್ಟೇಶನ್ನಿನಲ್ಲಿ 2023ರ ಮಾರ್ಚಿನಲ್ಲಿ 1,507 ಮೀಟರಿನ ಪ್ಲಾಟ್‌ಫಾರ್ಮು ಉದ್ಘಾಟನೆಯಾಯಿತು. ಗೋರಖಪುರವನ್ನು ಹಿಂದೆ ಹಾಕಿ ಜಗತ್ತಿನಲ್ಲೇ ಉದ್ದನೆಯದೆನಿಸಿತು. ಒಂದೇ ಹೊತ್ತಿಗೆ ಎರಡು ಗಾಡಿ ನಿಂತು, ಎರಡು ದಿಕ್ಕಿಗೆ ಹೊರಡಬಹುದು. ಕ್ಲಾಸಿನಲ್ಲಿ ಹೇಳಿದಾಗ ಹುಡುಗರು ಚಪ್ಪಾಳೆ ತಟ್ಟಿದರು. ಅದಕ್ಕೆ ಎಷ್ಟು ಹೆಜ್ಜೆಯಾದೀತೆಂದು ಲೆಕ್ಕ ಹಾಕಿಸಿದೆ. ಅಕ್ಕೋರ ಚಟ ಎಲ್ಲಿ ಬಿಟ್ಟೀತು!

ಎಪ್ಪತ್ತೆಂಟರ ಅವ್ವನನ್ನು ಬೆಂಗಳೂರಿಗೆ, ತಮ್ಮನ ಮನೆಗೆ ಕಳಿಸಲು ಹೋದ ದಿನ ಆ ಲೆಕ್ಕ ಬೇರೆಯೇ ಆಯಿತು. ಅವಳ ಮೊಣಕಾಲಿನ ಗತಿಗೆ ನಿಧಾನ ನಡೆದೆವು. ಅರ್ಧಕ್ಕೇ ನಿಂತಳು.

“ಜಗತ್ತಿಗೇ ದೊಡ್ಡದು ಮಾಡ್ಯಾರ, ಖರೆ. ಕುಂಡ್ರಾಕ ಒಂದ ಬೆಂಚ್ ತೋರಸವಾ.”

ಕುಳಿತಳು. ದಾರಿ ಉದ್ದವಿದ್ದದ್ದೇ ಒಳ್ಳೆಯದಾಯಿತೇನೋ, ತಿಂಗಳಿಂದ ಮನೆಯಲ್ಲಿ ಆಡದ ಮಾತು ಅಲ್ಲಿ ಆಡಿದಳು:

“ನಾ ತಿರುಗಿ ಬರೂತನಾ ನನ್ನ ಖೋಲಿ ಯಾರಿಗೂ ಕೊಡಬ್ಯಾಡ.”

“ಇಲ್ಲವ್ವಾ” ಎಂದೆ. ಗಾಡಿ ಬರಲು ಇನ್ನೂ ಹೊತ್ತಿತ್ತು.