ಪಾತ್ರಕ್ಕೆ ರೊಕ್ಕ ಕೊಡ್ತೀವಿ, ಪಾಠಕ್ಕೆ ಯಾಕ ಬ್ಯಾಡ?

ನಮ್ಮ ಚಂದ್ರಬಂಡ ಕಡೆಯ ಊರುಗಳಲ್ಲಿ ಜಾತ್ರೆ ಬಂತೆಂದರೆ ನಾಟಕ ಬೇಕು. ಎರಡು ತಿಂಗಳು ಮುಂಚೆಯೇ ಹಾರ್ಮೋನಿಯಂ ಮಾಸ್ತರ ಬರುತ್ತಾರೆ. ಗುಡಿ ಕಟ್ಟೆಯ ಮೇಲೆ ರಾತ್ರಿ ತಾಲೀಮು ಶುರುವಾಗುತ್ತದೆ. ಹೀರೋ ಪಾತ್ರಕ್ಕೆ ಇಷ್ಟು, ವಿಲನ್‌ಗೆ ಇಷ್ಟು, ಹಾಸ್ಯದವನಿಗೆ ಇಷ್ಟು ಎಂದು ಪಟ್ಟಿ ಬೀಳುತ್ತದೆ. ಸೀನು, ಮೈಕು, ಲೈಟು, ಹೊರಗಿನಿಂದ ಕರೆಸುವ ಕಲಾವಿದೆಯರ ಸಂಭಾವನೆ ಎಲ್ಲಾ ಆ ಪಟ್ಟಿಯ ರೊಕ್ಕದಲ್ಲೇ ಆಗಬೇಕು. ನಮ್ಮ ಅಣ್ಣ ಒಂದು ವರ್ಷ ಎರಡು ಕ್ವಿಂಟಲ್ ತೊಗರಿ ಮಾರಿ ವಿಲನ್ ಪಾತ್ರ ಹಾಕಿದ್ದ. ಆ ರಾತ್ರಿ ಬೀಗರು ಸ್ಟೇಜ್ ಹತ್ತಿ ಟವೆಲ್ಲು, ಅಂಗಿ ಬಟ್ಟೆ, ನೂರರ ನೋಟು ಆಯಾರ ಮಾಡಿದರು. ಮೈಕಿನಲ್ಲಿ ಒಬ್ಬೊಬ್ಬರ ಹೆಸರು ಕೂಗಿದರು. ತೊಗರಿ ಹೋಯಿತೆಂದು ಮನೆಯಲ್ಲಿ ಯಾರೂ ಅಳಲಿಲ್ಲ.

ಅದೇ ಅಣ್ಣನ ಮಗಳು ಹೋದ ವರ್ಷ ಪಿಯುಸಿ ಮುಗಿಸಿ, "ನಾ ನಾಟಕ ಕಲಿಯಾಕ ಹೆಗ್ಗೋಡಿಗೆ ಹೋಗ್ತೀನಿ" ಅಂದಳು. ಎರಡು ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಅವಳಿಗೆ ಆ ಹುಚ್ಚು ಹತ್ತಿದ್ದು ರಾಯಚೂರಿನ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಲ್ಲಿ. ಕಾಲೇಜಿನ ಮೇಷ್ಟ್ರು ಹುಡುಗರನ್ನು ಕರೆದುಕೊಂಡು ಹೋಗಿ ನೀನಾಸಂ ತಿರುಗಾಟದ ನಾಟಕ ತೋರಿಸಿದ್ದರು. ನಮ್ಮೂರ ನಾಟಕದಲ್ಲಿ ಹೆಣ್ಣು ಪಾತ್ರಕ್ಕೆ ಹೊರಗಿನವರೇ ಬರಬೇಕು, ಊರ ಹೆಣ್ಣುಮಕ್ಕಳು ಕೆಳಗೆ ಚಾಪೆ ಹಾಸಿಕೊಂಡು ನೋಡಬೇಕು. ಅಲ್ಲಿ ನೋಡಿದರೆ ಇವಳಿಗಿಂತ ನಾಲ್ಕೈದು ವರ್ಷ ದೊಡ್ಡ ಹುಡುಗಿಯರು ಸ್ಟೇಜ್ ಮೇಲಿದ್ದರು. ನಾಟಕ ಮುಗಿದ ಮೇಲೆ ಅವರೇ ಸೆಟ್ ಬಿಚ್ಚಿ ಲಾರಿಗೆ ಏರಿಸುತ್ತಿದ್ದರಂತೆ. "ಕಾಕಾ, ಅವರು ಇದನ್ನ ಕಲ್ತು ಬಂದಾರ. ಕಲಿಸೋ ಸಾಲಿ ಐತಿ" ಎಂದು ಫೋನ್ ಮಾಡಿದಳು. ನಾವು ಸುದ್ದಿ ಬರೆಯುವವರು, ನಮಗೆ ಗೊತ್ತಿರುತ್ತದೆ ಎಂಬ ಭರವಸೆ ಅವಳಿಗೆ.

ಗೊತ್ತಿದ್ದುದನ್ನೇ ಇಲ್ಲಿಯೂ ಹೇಳುತ್ತೇವೆ, ಯಾಕೆಂದರೆ ನಮ್ಮ ಕಡೆ ಇದನ್ನು ಕೇಳುವ ಮಕ್ಕಳು ಈಗ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ನೀನಾಸಂ ಹುಟ್ಟಿದ್ದು 1949ರಲ್ಲಿ, ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡು ಎಂಬ ಅಡಿಕೆ ತೋಟದ ಹಳ್ಳಿಯಲ್ಲಿ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿನ ರಂಗಶಿಕ್ಷಣ ಕೇಂದ್ರ 1980ರಲ್ಲಿ, ಊರೂರು ಸುತ್ತುವ ತಿರುಗಾಟ 1985ರಲ್ಲಿ ಶುರುವಾದವು. ಒಂದು ತಂಡದಲ್ಲಿ ಇಪ್ಪತ್ತರ ಆಸುಪಾಸಿನ ಮಕ್ಕಳಷ್ಟೇ. ಅಲ್ಲೇ ಇದ್ದು, ಅಲ್ಲೇ ಉಂಡು ಕಲಿಯಬೇಕು. ಮೈಸೂರಿನಲ್ಲಿ ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣದಲ್ಲಿ ಭಾರತೀಯ ರಂಗಶಿಕ್ಷಣ ಕೇಂದ್ರವಿದೆ. ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿ ಮಠದಲ್ಲಿ ಶಿವಕುಮಾರ ರಂಗಪ್ರಯೋಗ ಶಾಲೆ ಇದೆ. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ 1959ರದು. ಅದು ಮೂರು ವರ್ಷದ ಓದು, ಮೊದಲು ಡಿಗ್ರಿ ಮುಗಿದಿರಬೇಕು, ಕೆಲವು ನಾಟಕಗಳಲ್ಲಿ ದುಡಿದ ಅನುಭವವನ್ನೂ ಕೇಳುತ್ತಾರೆ. ಇಡೀ ದೇಶದಿಂದ ಮಕ್ಕಳು ಬಂದು ಬೀಳುತ್ತಾರೆ, ಸೀಟು ಮಾತ್ರ ಬೆರಳೆಣಿಕೆ. ಅದರದ್ದೇ ಕೇಂದ್ರವೊಂದು ಬೆಂಗಳೂರಿನಲ್ಲೂ ಇದೆ. ವಯಸ್ಸು, ಓದು, ಫೀಸು ಎಲ್ಲವನ್ನೂ ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು. ಯಾರೋ ಹೇಳಿದ್ದನ್ನು ನಂಬಿ ಕೂಡಬಾರದು.

ಇಷ್ಟನ್ನೂ ಅಣ್ಣನ ಮುಂದೆ ಹೇಳಿದೆವು. ಅವನು ಕೇಳಿದ್ದು ಮೂರೇ ಮಾತು. ರೊಕ್ಕ ಎಷ್ಟು? ಮುಂದೆ ನೌಕರಿ ಏನು? ಮಂದಿ ಏನಂತಾರ?

ಮೂರನೆಯದೇ ನಿಜವಾದ ಪ್ರಶ್ನೆ ಎಂದು ನಮಗೆ ಗೊತ್ತಿತ್ತು. "ನಾಳೆ ಇಕಿನ್ನ ನೋಡಾಕ ಬಂದವರು, ಹುಡುಗಿ ನಾಟಕದಾಗ ಇದ್ಲಂತ ಅಂದ್ರ ಏನ್ ಹೇಳಲಿ?" ಎಂದ. ನಮ್ಮ ಊರಲ್ಲಿ ನಾಟಕದವಳು ಎಂಬ ಮಾತಿಗೆ ಏನರ್ಥ ಇದೆ ಎಂದು ಓದುವ ನಿಮಗೂ ಗೊತ್ತು. ಊರಿಗೆ ಬಂದು ರಾತ್ರಿಯಿಡೀ ಕುಣಿದು ಹಾಡಿ ನಮ್ಮನ್ನು ನಗಿಸಿ ಅಳಿಸಿ ಹೋಗುವ ಆ ಕಲಾವಿದೆಯರ ಬೆನ್ನ ಹಿಂದೆ ನಾವು ಆಡುವ ಮಾತು, ನಮ್ಮ ಮನೆಯ ಹುಡುಗಿ ಸ್ಟೇಜ್ ಹತ್ತುತ್ತೇನೆಂದ ದಿನ ನಮ್ಮ ಮೇಲೆಯೇ ಬಂದು ಬೀಳುತ್ತದೆ. ಅಣ್ಣನ ಭಯ ಸುಳ್ಳಲ್ಲ. ಆ ಭಯ ಹುಟ್ಟಿಸಿದವರು ಬೇರೆ ಊರಿನವರಲ್ಲ ಅಷ್ಟೆ.

ನೌಕರಿಯ ಬಗ್ಗೆಯೂ ಸುಳ್ಳು ಹೇಳಲಿಲ್ಲ. ನೀನಾಸಂನಲ್ಲಿ ಕಲಿತ ಅಚ್ಯುತ್ ಕುಮಾರ್, ಸತೀಶ್ ಸಿನಿಮಾದಲ್ಲಿ ಹೆಸರು ಮಾಡಿದ್ದಾರೆ, ನಿಜ. ಆದರೆ ಕಲಿತವರೆಲ್ಲಾ ಸಿನಿಮಾಕ್ಕೆ ಹೋಗುವುದಿಲ್ಲ. ಕೆಲವರು ತಿರುಗಾಟದಲ್ಲಿ, ರಂಗಾಯಣಗಳಲ್ಲಿ ದುಡಿಯುತ್ತಾರೆ. ಕೆಲವರು ಬೇಸಿಗೆಯಲ್ಲಿ ಮಕ್ಕಳ ಶಿಬಿರ, ಇಲಾಖೆಗಳ ಬೀದಿನಾಟಕ ಎಂದು ಸುತ್ತುತ್ತಾರೆ. ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಮೇಷ್ಟ್ರುಗಳೂ ಇದ್ದಾರೆ, ಆದರೆ ಅಪರೂಪಕ್ಕೆ. ತಿಂಗಳಿಗೆ ಇಂತಿಷ್ಟು ಎಂದು ಬರುವ ಕಸುಬಲ್ಲ ಇದು. ಅದಕ್ಕೆ ಅಣ್ಣ, "ನಿನ್ನಂಗ ಅನ್ನು" ಎಂದ. ಸ್ಟ್ರಿಂಗರ್‌ಗೆ ಸುದ್ದಿ ಅಚ್ಚಾದರೆ ರೊಕ್ಕ, ಇಲ್ಲದಿದ್ದರೆ ಪೆಟ್ರೋಲ್ ಖರ್ಚೂ ಮೈಮೇಲೆ. ನಾವು ಸುಮ್ಮನಾದೆವು.

ಹಳೆಯ ಕಾಲದಲ್ಲಿ ಈ ಚರ್ಚೆಯೇ ಇರಲಿಲ್ಲ. ರಾಜ್‌ಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರೇ ಗುಬ್ಬಿ ಕಂಪನಿಯ ನಟರು. ಮಗ ಅಪ್ಪನ ಹಿಂದೆ ಹೋಗಿ ಅಲ್ಲೇ ಕಲಿತರು. ಕಾರಂತರಂತೂ ಹುಡುಗನಿದ್ದಾಗಲೇ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದವರು. ಮುಂದೆ ಬನಾರಸಿನಲ್ಲಿ ಎಂ.ಎ. ಓದಲು ಅವರನ್ನು ಕಳಿಸಿದ್ದು ಗುಬ್ಬಿ ವೀರಣ್ಣನವರು. ಆಮೇಲೆ ದಿಲ್ಲಿಯ ನಾಟಕ ಶಾಲೆಯಲ್ಲಿ ಕಲಿತು, 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. ಹೆತ್ತವರ ಜಾಗದಲ್ಲಿ ಆಗ ಕಂಪನಿಯ ಮಾಲೀಕರು ನಿಂತಿದ್ದರು. ಈಗ ಆ ಕಂಪನಿಗಳಿಲ್ಲ. ಅರ್ಜಿ, ಅಂಕಪಟ್ಟಿ, ಆಧಾರ್, ಸಂದರ್ಶನ ಎಂದು ಬಂದಿದೆ. ಓಡಿಹೋದರೆ ನಡೆಯುವುದಿಲ್ಲ, ಅಪ್ಪ ಅವ್ವ ಕಳಿಸಿಕೊಟ್ಟರೇನೇ ಆಗುವುದು. ಹೆಣ್ಣುಮಕ್ಕಳಿಗಂತೂ ಓಡಿಹೋಗುವ ದಾರಿ ಆಗಲೂ ಇರಲಿಲ್ಲ ಬಿಡಿ.

ಕೊನೆಗೆ ಗಂಟು ಬಿಚ್ಚಿದ್ದು ಅತ್ತಿಗೆ. ಅವರು ಎತ್ತಿದ್ದು ಬಸ್ಸಿನ ಮಾತು. ಸಂದರ್ಶನ ಬಂದದ್ದು ಮೃಗಶಿರ ಮಳೆಯ ದಿನಗಳಲ್ಲಿ. ಹತ್ತಿ ಬೀಜ ಊರುವ ಹೊತ್ತು, ಅಣ್ಣ ಹೊಲ ಬಿಟ್ಟು ಬರುವ ಹಾಗಿರಲಿಲ್ಲ. "ನನಗ, ಇಕಿಗೆ ಬಸ್ ಪುಕ್ಕಟೆ ಐತೆಲ್ಲ. ಆಧಾರ್ ಕಾರ್ಡ್ ತೋರಿಸಿದ್ರ ಆತು. ನಾವಿಬ್ಬರೂ ಹೋಗಿ ಬರ್ತೀವಿ, ನೀವು ಬಿತ್ತಿಗಿ ನೋಡ್ರಿ" ಎಂದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಧರ್ಮಸ್ಥಳ, ಮಂತ್ರಾಲಯದ ರೋಡ್ ಬಸ್ಸುಗಳೆಲ್ಲಾ ತುಂಬಿದ ಸುದ್ದಿ ನಾವೂ ಬರೆದಿದ್ದೆವು. ನಮ್ಮ ಮನೆಯ ಹುಡುಗಿಯ ನಾಟಕದ ಸಂದರ್ಶನಕ್ಕೂ ಅದೇ ಟಿಕೆಟ್ಟು ದಾರಿ ಮಾಡುತ್ತದೆಂದು ಅಂದುಕೊಂಡಿರಲಿಲ್ಲ. ರಾಯಚೂರಿನಿಂದ ರಾತ್ರಿ ಹೊರಟು, ಬಸ್ಸು ಬದಲಿಸುತ್ತಾ ಶಿವಮೊಗ್ಗ, ಸಾಗರ ದಾಟಿ ಹೆಗ್ಗೋಡು ಮುಟ್ಟಿದೆವು. ರೊಕ್ಕದ ಟಿಕೆಟ್ ನಮ್ಮದೊಂದೇ.

ಅಲ್ಲಿ ಮಳೆ. ನಮ್ಮ ಕಡೆ ಮೋಡ ಕಂಡರೆ ಮಂದಿ ಹೊರಗೆ ಬಂದು ನಿಲ್ಲುತ್ತಾರೆ. ಅಲ್ಲಿ ನಿಲ್ಲದೆ ಸುರಿಯುತ್ತಿತ್ತು, ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಅತ್ತಿಗೆ ಮಾತ್ರ ಮೊದಲ ಅರ್ಧ ಗಂಟೆ ಮಗಳನ್ನು ಮರೆತು ಮಳೆ ನೋಡುತ್ತಾ ಕೂತರು. "ಇದರಾಗ ಕಾಲುಭಾಗ ನಮ್ಮ ಹೊಲಕ್ಕ ಬಿದ್ದಿದ್ರ" ಎಂದರು.

ಮಕ್ಕಳು ಒಳಗೆ, ಹೆತ್ತವರು ಹೊರಗೆ. ಕೊಡೆ ಹಿಡಿದುಕೊಂಡು ಬಂದ ಅಪ್ಪಂದಿರು, ಬ್ಯಾಗಿನಲ್ಲಿ ರೊಟ್ಟಿ ಚಟ್ನಿಪುಡಿ ಕಟ್ಟಿಕೊಂಡು ಬಂದ ಅವ್ವಂದಿರು. ಹಾವೇರಿ ಕಡೆಯ ಒಬ್ಬ ಹಿರಿಯರು ಮಗನನ್ನು ಎರಡನೇ ಸಲ ಕರೆತಂದಿದ್ದರು. ಹೋದ ಸಲ ಆಗಿರಲಿಲ್ಲವಂತೆ. ಈ ಸಲವೂ ಆಗದಿದ್ದರೆ ಎಂದು ಕೇಳಿದೆವು. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಹೇಳಿದರು: "ನಮ್ಮ ಹೊಲದಾಗ ಮೂರು ಬೋರ್ ಫೇಲ್ ಆಗ್ಯಾವ್ರಿ. ಸಾಲಾ ಮಾಡಿ ನಾಲ್ಕನೇದು ಹಾಕಿಸಿದೆ. ನನಗ ಯಾರೂ ಹುಚ್ಚ ಅನ್ನಲಿಲ್ಲ. ಮಗನ ಸಲುವಾಗಿ ಎರಡನೇ ಸಲ ಬಸ್ ಹತ್ತಿದ್ದಕ್ಕ ಅಂತಾರ." ಅತ್ತಿಗೆ ಅವರ ಕಡೆ ತಿರುಗಿ ಕೂತರು. ಆಮೇಲೆ ಇಬ್ಬರೂ ಹತ್ತಿ ರೇಟು, ಗೊಬ್ಬರದ ರೇಟು ಮಾತಾಡಿದರು.

ಹುಡುಗಿಗೆ ಇದ್ದ ಹೆದರಿಕೆ ಭಾಷೆಯದು. ಚಂದ್ರಬಂಡ ಕಡೆ ಗಡಿ ಹತ್ತಿರ, ನಮ್ಮಂಥ ಮನೆಗಳಲ್ಲಿ ತೆಲುಗು, ಸಾಲಿಯಲ್ಲಿ ಕನ್ನಡ. ಅವಳ ಕನ್ನಡಕ್ಕೆ ತೆಲುಗಿನ ಎಳೆತ ಇದೆ. ಅದನ್ನು ಮುಚ್ಚಿಡಲು ಒಂದು ತಿಂಗಳು ಟಿವಿ ಸುದ್ದಿಯವರ ಹಾಗೆ ಮಾತಾಡುವುದನ್ನು ರೂಢಿ ಮಾಡಿದ್ದಳು. ಒಳಗೆ ಓದಿಸಿದರಂತೆ, ಒಂದು ಸನ್ನಿವೇಶ ಕೊಟ್ಟು ಮಾಡಿ ತೋರಿಸು ಎಂದರಂತೆ, ಮನೆ ಊರು ಕೇಳಿದರಂತೆ. ಹಾಡು ಎಂದಾಗ ಕಲಿತುಕೊಂಡು ಹೋದದ್ದು ಗಂಟಲಿಗೆ ಬರಲೇ ಇಲ್ಲ. ಅವಳ ಅಜ್ಜಿ ಕಳೆ ತೆಗೆಯುವಾಗ ಹೇಳುವ ತೆಲುಗು ಪದ ಬಂತು. ಹೊರಗೆ ಅದನ್ನು ಕೇಳಿದ ಅತ್ತಿಗೆ ಹಣೆ ಬಡಿದುಕೊಂಡರು. ಒಳಗಿದ್ದವರು ಅರ್ಥ ಕೇಳಿ, ಇನ್ನೊಂದು ಸಲ ಹಾಡಿಸಿದರಂತೆ. ಬರುವ ದಾರಿಯಲ್ಲಿ ಅವಳಿಗೆ ಖುಷಿ ಕೊಟ್ಟದ್ದು ಅದೊಂದೇ.

ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಅನ್ಯಾಯವಾಯಿತು ಎಂದು ನಮಗನಿಸಲಿಲ್ಲ. ಅಲ್ಲಿ ಬಂದಿದ್ದ ಎಷ್ಟೋ ಮಕ್ಕಳು ಏಳೆಂಟು ನಾಟಕ ಮಾಡಿ ಬಂದವರು. ನಮ್ಮ ಹುಡುಗಿ ಸ್ಟೇಜ್ ಹತ್ತಿದ್ದು ಸಾಲಿಯ ಆಗಸ್ಟ್ ಹದಿನೈದಕ್ಕೆ ಮಾತ್ರ.

ಆಮೇಲಿನ ಎರಡು ತಿಂಗಳೇ ಕಷ್ಟದವು. ಅರ್ಜಿ ತುಂಬುವ ದಿನ, ಬಸ್ ಹತ್ತುವ ದಿನ ಮಕ್ಕಳ ಜೊತೆ ನಿಲ್ಲುವುದು ಸುಲಭ, ಒಂದು ಹುರುಪು ಇರುತ್ತದೆ. ಆಗಲಿಲ್ಲ ಎಂದು ಬಂದು ಮೂಲೆಯಲ್ಲಿ ಮಲಗಿದ ಹುಡುಗಿಯನ್ನು "ನೋಡಿದ್ಯಾ, ನಾ ಮೊದಲೇ ಹೇಳಿದ್ದೆ" ಎನ್ನದೆ ಬಿಡುವುದು ಸುಲಭವಲ್ಲ. ಅಣ್ಣ ಅಂದೇಬಿಟ್ಟ. ಅತ್ತಿಗೆ ಅನ್ನಲಿಲ್ಲ, ಅನ್ನದೆ ಇರುವುದಕ್ಕೆ ಅವರು ಪಟ್ಟ ಪಾಡು ನಾವು ನೋಡಿದ್ದೇವೆ. ಅದೇ ದಿನಗಳಲ್ಲಿ ಪಕ್ಕದ ಊರಿನ ಹುಡುಗನೊಬ್ಬ ಫೋನಿನಲ್ಲಿ ಬಂದ ಜಾಹೀರಾತು ನಂಬಿ, ಧಾರಾವಾಹಿಯಲ್ಲಿ ಪಾತ್ರ ಕೊಡುತ್ತೇವೆಂದವರಿಗೆ ನೋಂದಣಿ, ಫೋಟೋ, ತರಬೇತಿ ಎಂದು ಮೂರು ಕಂತು ರೊಕ್ಕ ಕಳಿಸಿದ. ಆಮೇಲೆ ಆ ನಂಬರ್ ಹತ್ತಲಿಲ್ಲ. ಮನೆಯಲ್ಲಿ ಹೇಳಿದರೆ ಬೈಯುತ್ತಾರೆಂದು ಮೂರನೇ ಕಂತನ್ನು ಬಡ್ಡಿಗೆ ತಂದಿದ್ದ. ಮನೆಯಲ್ಲಿ ಕೇಳುವ ಹಾಗಿದ್ದರೆ ಮೊದಲ ಕಂತಿಗೇ ನಿಲ್ಲುತ್ತಿತ್ತು. ಈ ಸುದ್ದಿ ಹೇಳಿದ ಮೇಲೆ ಅಣ್ಣ ಸ್ವಲ್ಪ ಮೆತ್ತಗಾದ. "ನಮ್ಮಾಕಿ ಕೇಳಿಯಾದ್ರೂ ಹೋದ್ಲು" ಎಂದ.

ಈಗ ಅವಳು ರಾಯಚೂರಿನಲ್ಲಿ ಬಿ.ಎ. ಮಾಡುತ್ತಿದ್ದಾಳೆ. ಡಿಗ್ರಿ ಕೈಯಲ್ಲಿದ್ದರೆ ಮುಂದೆ ದಿಲ್ಲಿಗೂ ಅರ್ಜಿ ಹಾಕಬಹುದು ಎಂದು ನಾವೇ ಹೇಳಿದ್ದು. ಸಂಜೆ ಒಂದು ಹವ್ಯಾಸಿ ತಂಡದ ತಾಲೀಮಿಗೆ ಹೋಗುತ್ತಾಳೆ. ತೊಂದರೆ ಎಂದರೆ ಊರಿಗೆ ಬರುವ ಕೊನೆಯ ಬಸ್ಸು. ತಾಲೀಮು ಮುಗಿಯುವ ಹೊತ್ತಿಗೂ ಬಸ್ಸಿಗೂ ತಾಳೆಯಾಗುವುದಿಲ್ಲ. ಮೊದಮೊದಲು ಅರ್ಧಕ್ಕೇ ಎದ್ದು ಬರುತ್ತಿದ್ದಳು. ಈಗ ವಾರಕ್ಕೆ ಎರಡು ದಿನ ಅಣ್ಣ ಬೈಕ್ ತೆಗೆದುಕೊಂಡು ಹೋಗುತ್ತಾನೆ. ಒಳಗೆ ಬರುವುದಿಲ್ಲ, ಗೇಟಿನ ಹೊರಗೆ ಬೈಕಿನ ಮೇಲೆ ಕೂತಿರುತ್ತಾನೆ. ಒಂದು ದಿನ ವಿಲನ್ ಪಾತ್ರದ ಹುಡುಗ ಬಂದಿರಲಿಲ್ಲವಂತೆ. ತಾಲೀಮು ನಡೆಸುವವರು ಹೊರಗೆ ಬಂದು, "ಯಜಮಾನ್ರೆ, ನೀವೊಂದೀಟು ಈ ಮಾತು ಓದ್ರಿ" ಎಂದು ಕರೆದರು. ಇವನು ಓದಿದ. ನಮ್ಮೂರ ಜಾತ್ರೆಯ ನಾಟಕದ ದನಿಯಲ್ಲಿ, ಮೈಕ್ ಇಲ್ಲದೆ, ಬೀದಿಗೆಲ್ಲಾ ಕೇಳುವ ಹಾಗೆ. ಮಗಳು ನಾಚಿಕೆಯಿಂದ ಸಾಯುವಂತಾದಳಂತೆ. "ಅಪ್ಪಾ, ಅಷ್ಟು ಒದರಬ್ಯಾಡ, ಎದುರಿಗಿದ್ದಾಕಿಗೆ ಕೇಳಿದ್ರ ಸಾಕು" ಎಂದಳಂತೆ. ಮನೆಗೆ ಬಂದು ಅವನು ನಮಗೆ ಫೋನ್ ಮಾಡಿ, "ಅದನ್ನೂ ಕಲಿಸ್ತಾರೇನಪಾ ಅಲ್ಲಿ?" ಎಂದು ಕೇಳಿದ. ಕಲಿಸುತ್ತಾರೆ ಎಂದೆವು.

ಈ ವರ್ಷ ಜಾತ್ರೆಯ ನಾಟಕಕ್ಕೆ ಮತ್ತೆ ಪಟ್ಟಿ ಬಿದ್ದಿದೆ. ಅಣ್ಣನಿಗೆ ಗೌಡನ ಪಾತ್ರ ಬಂದಿತ್ತು, ರೇಟು ಜಾಸ್ತಿ ಎಂದು ಸಣ್ಣ ಪಾತ್ರಕ್ಕೆ ಒಪ್ಪಿಕೊಂಡ. ಉಳಿದ ರೊಕ್ಕ ಎಲ್ಲಿಟ್ಟಿದ್ದಾನೆಂದು ಕೇಳಿದರೆ ಹೇಳುವುದಿಲ್ಲ. ಅತ್ತಿಗೆ ಮಾತ್ರ ಮೊನ್ನೆ ಫೋನ್ ಮಾಡಿದ್ದರು. ಅಂಕಪಟ್ಟಿ, ಆಧಾರ್, ಫೋಟೋ ಎಲ್ಲಾ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದಾರಂತೆ. ಹೋದ ಸಲ ಮಳೆಗೆ ಬ್ಯಾಗ್ ತೊಯ್ದಿತ್ತು. ಈ ಸಲ ಒಂದು ಕೊಡೆಯನ್ನೂ ತಂದಿಟ್ಟಿದ್ದಾರೆ.