ಅಜ್ಜನ ಒಂದೇ ಗುಂಡು

ನಮ್ಮಜ್ಜ ಪೊಲೀಸ್ ಪೇದೆಯಾಗಿದ್ದವರು. ಅವರ ಬಂದೂಕಿಗೆ ಒಂದು ಸಲಕ್ಕೆ ಒಂದೇ ಗುಂಡಂತೆ! ಮೊಮ್ಮಕ್ಕಳೆಲ್ಲ ಸೇರಿ 'ಒಂದ್ ಗುಂಡಿನ ಪೊಲೀಸ್' ಅಂತ ರೇಗಿಸ್ತಿದ್ವಿ. ಅಜ್ಜ ನಕ್ಕು ಸುಮ್ಮನಾಗೋರು.

ಮೊನ್ನೆ ಇಲ್ಲಿ ಟೆಕ್ಸಾಸ್‌ನಲ್ಲಿ, ಹಳೇ ಬಂದೂಕು ಸಂಗ್ರಹಿಸುವ ಸಹೋದ್ಯೋಗಿಯೊಬ್ಬರು 'ನಿಮ್ಮ ದೇಶದ್ದು ನೋಡಿ' ಅಂತ ಒಂದನ್ನು ಕೈಗಿತ್ತರು. ಬ್ರಿಟಿಷರ ಕಾಲದ ಲೀ-ಎನ್‌ಫೀಲ್ಡ್. ಮೇಲೆ ಕಿರೀಟದ ಗುರುತು, ಅದರ ಕೆಳಗೆ ಇಶಾಪುರದ ಹೆಸರು. ಕೋಲ್ಕತ್ತ ಹತ್ತಿರದ ಕಾರ್ಖಾನೆಯದ್ದು.

1907ರ ಈ ಮಾದರಿ ಯುದ್ಧದಲ್ಲಿ ಹತ್ತು ಗುಂಡು ತುಂಬಿಕೊಳ್ಳುತ್ತಿದ್ದ 'ತ್ರೀ ನಾಟ್ ತ್ರೀ'. ಇದರಲ್ಲಿ ಮಾತ್ರ ಮ್ಯಾಗಜಿನ್ ಜಾಗಕ್ಕೆ ಮರದ ತುಂಡು ಕೂರಿಸಿದ್ದರು. ನಳಿಗೆಯೊಳಗಿನ ಸುರುಳಿ ಗೀರುಗಳನ್ನೂ ಕೊರೆದು ನುಣುಪು ಮಾಡಿದ್ದರು. ಹೀಗೆ ರೈಫಲ್ ಹೋಗಿ .410 ಮಸ್ಕೆಟ್ ಆಗಿತ್ತು. ಒಂದು ಹಾಕು, ಹೊಡಿ, ಮತ್ತೊಂದು ಹಾಕು.

'ಯಾಕೆ ಹೀಗೆ?' ಅಂದೆ.

'ಪೊಲೀಸರಿಗೆ, ಜೈಲಿನ ಕಾವಲುಗಾರರಿಗೆ ಕೊಡೋಕೆ. ಯಾರಾದ್ರೂ ಕಿತ್ಕೊಂಡ್ರೂ ಸೈನ್ಯದ ಎದುರು ಕೆಲಸಕ್ಕೆ ಬರಬಾರದಲ್ಲ!'

ಕಿತ್ಕೊಳ್ಳೋರ ಮೇಲಷ್ಟೇ ಅಲ್ಲ, ಹಿಡಿದವರ ಮೇಲೂ ಬ್ರಿಟಿಷರಿಗೆ ನಂಬಿಕೆ ಇರಲಿಲ್ಲ ಅನ್ನಿಸಿತು. ಅವರು ಹೋದ ಮೇಲೂ ಆ ಬಂದೂಕು ನಮ್ಮಲ್ಲಿ ಉಳಿಯಿತು. ಅದನ್ನೇ ಹೆಗಲಿಗೇರಿಸಿ ಅಜ್ಜ ಗಲಭೆಗಳ ಎದುರು ನಿಂತಿದ್ದರು.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. 'ಅಜ್ಜ ಯಾವತ್ತಾದ್ರೂ ಜನರ ಮೇಲೆ ಗುಂಡು ಹಾರಿಸಿದ್ರಾ ಅಮ್ಮಾ?'

'ಇಲ್ಲ ಕಣೋ. ಇರೋದೊಂದು, ಹಾರಿಸೋ ಮುಂಚೆ ಹತ್ತು ಸಲ ಯೋಚಿಸ್ಬೇಕು ಅನ್ನೋರು.'

ರೇಗಿಸಿದ್ದಕ್ಕೆ ತಪ್ಪಾಯ್ತು ಅನ್ನೋಣ ಅಂದ್ರೆ ಅಜ್ಜ ಈಗಿಲ್ಲ.